ಬೀರುವಿನ ಕನ್ನಡಿಯಲ್ಲಿ ತೆಗೆದ ಫೋಟೋ

ನಮ್ಮ ಮನೆಯಲ್ಲಿ ನನ್ನ ಫೋಟೋಗಳಿಗೆ ಒಳ್ಳೆಯ ಹೆಸರಿಲ್ಲ. "ಆಕಿ ಮಂದೀನ ಹಿಡಿಯಂಗಿಲ್ಲ, ಬಾಗ್ಲಾ ಹಿಡೀತಾಳ" ಎಂದು ಅಣ್ಣ ಬಂದವರ ಮುಂದೆಲ್ಲ ಹೇಳುತ್ತಾನೆ. ಅವನು ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುವವನು. ಒಂದು ಹಿಡಿ ಹತ್ತಿ ಕೈಗೆ ಬಂದರೆ ಕಸ ಎಷ್ಟು, ಅರಳೆ ಎಷ್ಟು ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ನನ್ನ ಫೋಟೋಗಳಲ್ಲಿ ಕಸವೇ ಜಾಸ್ತಿ ಎನ್ನುವುದು ಅವನ ತೀರ್ಮಾನ. ಇರಲಿ, ಅವನ ಅಂಗಡಿಗೆ ನಾನು ಫೋಟೋ ಮಾರಲು ಹೋಗಿಲ್ಲವಲ್ಲ.

ನಾನು ಕನ್ನಡ ಶಾಲೆಯ ಟೀಚರಾಗಿದ್ದವಳು. ಮದುವೆಯಾಗಲಿಲ್ಲ, ಅಣ್ಣನ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದೇನೆ. ಎಂಟು ವರ್ಷದ ಹಿಂದೆ, ಇನ್ನೂ ನೌಕರಿಯಲ್ಲಿದ್ದಾಗ, ಒಳ್ಳೆಯ ಕ್ಯಾಮೆರಾ ಇರುವ ಫೋನ್ ಕೊಂಡೆ. ಕೊಂಡ ಮೇಲೆ ಸುಮ್ಮನೆ ಇರಬೇಕಲ್ಲ, ಫೋಟೋ ಹೇಗೆ ತೆಗೆಯಬೇಕೆಂದು ಕಲಿಸುವ ವಿಡಿಯೋಗಳನ್ನು ನೋಡಲು ಕೂತೆ. ಒಬ್ಬಾತ ತೆಲುಗಿನಲ್ಲಿ ಗಡಿಬಿಡಿಯಿಂದ ಹೇಳುತ್ತಿದ್ದ: ಮನುಷ್ಯನನ್ನು ಬಯಲಲ್ಲಿ ನಿಲ್ಲಿಸಿದರೆ ನೋಡುವವರ ಕಣ್ಣು ಎಲ್ಲೆಲ್ಲೋ ಅಲೆಯುತ್ತದೆ, ಅದೇ ಬಾಗಿಲಿನ ಚೌಕಟ್ಟಿನಲ್ಲೋ ಕಿಟಕಿಯಲ್ಲೋ ಕನ್ನಡಿಯಲ್ಲೋ ಇಟ್ಟರೆ ಕಣ್ಣು ಸೀದಾ ಅಲ್ಲಿಗೇ ಹೋಗಿ ನಿಲ್ಲುತ್ತದೆ, ಫೋಟೋದ ಒಳಗೇ ಇನ್ನೊಂದು ಫ್ರೇಮು ಸಿಕ್ಕಂತಾಗುತ್ತದೆ. ಅವನು ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ. ಹೋದ ಅರ್ಧವೇ ನನಗೆ ಹುಚ್ಚು ಹಿಡಿಸಿತು.

ಆಮೇಲೆ ನನಗೆ ಕಾಣುವುದೆಲ್ಲ ಚೌಕಟ್ಟೇ. ಆಸ್ಪರಿ ಬಸ್ಸಿನ ಕಿಟಕಿಯಲ್ಲಿ ಹತ್ತಿ ಹೊಲ ಬಂದರೆ ಫೋನ್ ಎತ್ತುತ್ತಿದ್ದೆ. ಆಟೋದವನ ಕನ್ನಡಿಯಲ್ಲಿ ಅವನ ಕಣ್ಣು, ಸೀರೆ ಅಂಗಡಿಯ ಕನ್ನಡಿಯಲ್ಲಿ ಸೀರೆ ಹೆಗಲಿಗಿಟ್ಟು ನೋಡುವ ಹೆಂಗಸು, ನಮ್ಮ ಓಣಿಯ ಕಲ್ಲಿನ ಬಾಗಿಲುಗಳಲ್ಲಿ ಕೂದಲು ಒಣಗಿಸುವ ಮುದುಕಿಯರು, ಯಾರನ್ನೂ ಬಿಡಲಿಲ್ಲ. ಮೊದಮೊದಲು ಬಾಗಿಲಲ್ಲಿ ನಿಂತವರ ಮುಖ ಇದ್ದಿಲಾಗಿ ಬರುತ್ತಿತ್ತು, ಹಿಂದಿನ ಬೆಳಕೆಲ್ಲ ಬೆಳ್ಳಗೆ. ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳಿಟ್ಟರೆ ಬೆಳಕು ಸರಿಹೋಗುತ್ತದೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಕನ್ನಡಿಯ ಫೋಟೋದಲ್ಲಿ ಎಲ್ಲರ ಹಿಂದೆ ನಾನೇ ಫೋನ್ ಹಿಡಿದು ಬಾಯಿ ತೆರೆದುಕೊಂಡು ನಿಂತಿರುತ್ತಿದ್ದೆ. ಅದನ್ನು ನೋಡಿ ನೋಡಿ ಪಕ್ಕಕ್ಕೆ ಸರಿದು ತೆಗೆಯುವುದನ್ನು ಕಲಿತೆ.

ಹೆಚ್ಚಾಗಿ ತೆಗೆದದ್ದು ಅಣ್ಣನ ಮಗಳನ್ನು. ಆಕೆ ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ. ಈಗ ಆಸ್ಪರಿಯ ಒಂದು ಶಾಲೆಯಲ್ಲಿ ಲೆಕ್ಕದ ಟೀಚರು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಸೀಮೆಸುಣ್ಣದ ಕೈಯಲ್ಲೇ ಮನೆಗೆ ಬರುತ್ತಾಳೆ. ನಿಲ್ಲು ಅಂದರೆ ನಿಲ್ಲುತ್ತಾಳೆ, ಕೂಡು ಅಂದರೆ ಕೂಡುತ್ತಾಳೆ, ಫೋಟೋಕ್ಕೆ ಅಂಥವರು ಸಿಗುವುದು ಕಷ್ಟ. ಆಕೆಯ ಬಲಗೆನ್ನೆಯ ಮೇಲೆ, ಕಣ್ಣಿಗೆ ಎರಡು ಬೆರಳು ಕೆಳಗೆ, ಉದ್ದಿನ ಕಾಳಿನಷ್ಟು ಕರಿಯ ಮಚ್ಚೆ ಇದೆ.

ಆ ಮಚ್ಚೆಯೇ ಈ ಕಥೆಯ ತಂಟೆ. ನಮ್ಮ ಕಡೆ ಹಿರಿಯರು ಹೆಣ್ಣಿಗೆ ಎಡ ಒಳ್ಳೆಯದು, ಗಂಡಿಗೆ ಬಲ ಎನ್ನುತ್ತಾರೆ. ಕಣ್ಣು ಅದುರಿದರೂ ಅದೇ ಲೆಕ್ಕ, ಮಚ್ಚೆಗೂ ಅದೇ ಲೆಕ್ಕ. ಹೆಣ್ಣಿನ ಬಲಗೆನ್ನೆಯಲ್ಲಿ, ಅದೂ ಕಣ್ಣಿನ ಕೆಳಗೆ ಮಚ್ಚೆ ಇದ್ದರೆ ಹೋದ ಮನೆಯಲ್ಲಿ ಕಣ್ಣೀರು ಅಂತೆ. ಹುಡುಗಿಯನ್ನು ನೋಡಲು ಬಂದವರಲ್ಲಿ ಒಬ್ಬರು, ಆಕೆ ಒಳಗೆ ಹೋದ ಮೇಲೆ, ಇದನ್ನು ಬಾಯಿಬಿಟ್ಟೇ ಹೇಳಿ ಹೋದರು. ಇನ್ನೊಬ್ಬರು ಹೇಳದೆ ಹೋದರು, ಆದರೆ ಅವರ ಹೆಂಗಸು ಹುಡುಗಿಯ ಮುಖ ನೋಡಿ ತನ್ನ ಕೆನ್ನೆ ಮುಟ್ಟಿಕೊಂಡದ್ದನ್ನು ಅತ್ತಿಗೆ ನೋಡಿದ್ದರು. ಎರಡು ಸಲವೂ ಹುಡುಗಿಗೆ ನಾವು ಹೇಳಿದ್ದು ಜಾತಕ ಕೂಡಲಿಲ್ಲ ಎಂದು. ನನ್ನನ್ನು ಒಂದು ಕಾಲಕ್ಕೆ ನೋಡಲು ಬಂದವರು ಬಣ್ಣ ಕಮ್ಮಿ ಅಂದಾಗಲೂ ಅವ್ವ ನನಗೆ ಜಾತಕದ ಮಾತೇ ಹೇಳಿದ್ದಳು. ನಾನು ನಂಬಿದ್ದೆ.

ಈ ವರ್ಷ ದೂರದ ದೊಡ್ಡಮ್ಮ ಒಬ್ಬರು ಕೋಸಗಿಯ ಸಂಬಂಧ ತಂದರು. ಹುಡುಗ ರೈಲ್ವೆಯಲ್ಲಿ ನೌಕರಿ, ತಂದೆ ಇಲ್ಲ, ಮನೆಯಲ್ಲಿ ಅಜ್ಜಿಯ ಮಾತೇ ನಡೆಯುತ್ತದೆ. ಅವರಿಗೆ ಮೊದಲು ಫೋಟೋ ಬೇಕು, ಮುಖ ಪೂರ್ತಿ ಕಾಣುವ ಫೋಟೋ. ಅತ್ತಿಗೆ ಸ್ಟುಡಿಯೋಗೆ ಕರೆದುಕೊಂಡು ಹೋಗೋಣ ಅಂದರು. ಮನೆಯಲ್ಲಿ ನಾನಿರುವಾಗ ಸ್ಟುಡಿಯೋ ಯಾಕೆ ಎಂದು ನಾನೇ ಜಂಬ ಕೊಚ್ಚಿಕೊಂಡೆ. ಜಂಬ ಕೊಚ್ಚಿದ್ದು ನಾನು, ಅನುಭವಿಸಿದ್ದು ಎಲ್ಲರೂ.

ಮೊದಲು ತಲೆಬಾಗಿಲಲ್ಲಿ ನಿಲ್ಲಿಸಿದೆ. ಕಲ್ಲಿನ ಚೌಕಟ್ಟು, ಎರಡೂ ಕಡೆ ಹೂವಿನ ಕೆತ್ತನೆ, ಬೆಳಗಿನ ಬಿಸಿಲು, ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಹೊಸ್ತಿಲ ಮೇಲೆ ಕಾಲಿಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲಿಗೆ ದಿನಾ ಅರಿಶಿನ ಕುಂಕುಮ, ಅದರ ಮೇಲೆ ನಿಂತ ಹೆಣ್ಣುಮಕ್ಕಳನ್ನು ನಾನು ಕಂಡೇ ಇಲ್ಲ. ಒಳಗೆ ನಿಂತರೆ ಕತ್ತಲು, ಹೊರಗೆ ನಿಂತರೆ ಚೌಕಟ್ಟು ಹಿಂದಕ್ಕೆ ಹೋಗುತ್ತದೆ. ಒಂದು ಕ್ಷಣ ನಿಲ್ಲು ಸಾಕು ಅಂದೆ. ಹುಡುಗಿ ಕಾಲೆತ್ತಿ ದಾಟಿದಳೇ ಹೊರತು ನಿಲ್ಲಲಿಲ್ಲ, ಕಾಲಿಗೆ ಆ ಅಭ್ಯಾಸವೇ ಇಲ್ಲ. ಅತ್ತಿಗೆ ಒಳಗಿಂದ ಗದರಿದರು, ಸಂಬಂಧಕ್ಕೆ ಕಳಿಸುವ ಫೋಟೋದಲ್ಲಿ ಹುಡುಗಿ ಹೊಸ್ತಿಲು ತುಳಿದು ನಿಂತಿದ್ದರೆ ನೋಡಿದವರು ಏನಂದಾರು ಎಂದು. ಅವರ ಮಾತೂ ಸರಿಯೇ.

ಕಿಟಕಿಗೆ ಹೋದೆವು. ಅಲ್ಲಿ ಕಂಬಿ. ಕಂಬಿಯ ಹಿಂದೆ ಮುಖ ಇಟ್ಟರೆ ಪೊಲೀಸ್ ಸ್ಟೇಷನ್ನಿನಲ್ಲಿ ಕೂಡಿಹಾಕಿದ ಹಾಗೆ ಕಂಡಿತು. ಮತ್ತೆ ಓಣಿಗೆ ತೆರೆದ ಕಿಟಕಿಯಲ್ಲಿ ನಿಂತ ಹುಡುಗಿ ಎಂದರೆ ಹಾದಿ ನೋಡುವವಳು ಎಂದು ಮಾತಾಗುತ್ತದೆ. ಹಾಗಾದರೆ ಉಳಿದದ್ದು ಅತ್ತಿಗೆಯ ಕೋಣೆಯ ಕಬ್ಬಿಣದ ಬೀರು, ಅದರ ಬಾಗಿಲಿಗೆ ಹಚ್ಚಿದ ಆಳೆತ್ತರದ ಕನ್ನಡಿ. ನಾನು ಮಂಚದ ಮೇಲೆ ಹತ್ತಿ ಗೋಡೆಗೆ ಅಂಟಿಕೊಂಡು ನಿಂತೆ. ಹುಡುಗಿ ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದುಕೊಂಡು ಕನ್ನಡಿಯೊಳಗಿಂದ ನನ್ನನ್ನು ನೋಡಿದಳು. ಅಷ್ಟು ನಿರಾಳವಾಗಿ ಆಕೆ ಯಾವ ಫೋಟೋದಲ್ಲೂ ನೋಡಿರಲಿಲ್ಲ. ನಾನು ಕನ್ನಡಿಯಷ್ಟೇ ಉಳಿಯುವ ಹಾಗೆ ಕತ್ತರಿಸಿ ಅತ್ತಿಗೆಗೆ ತೋರಿಸಿದೆ. ಅತ್ತಿಗೆ ಬಹಳ ಹೊತ್ತು ನೋಡಿ ಚೆನ್ನಾಗಿದೆ ಅಂದರು. ಅಣ್ಣ ಕನ್ನಡಕ ಹಾಕಿಕೊಂಡು ನೋಡಿ, ಇಷ್ಟು ವರ್ಷಕ್ಕೆ ಒಂದು ನೆಟ್ಟನೆಯ ಫೋಟೋ ತೆಗೆದೆ ನೋಡು ಅಂದ. ಹುಬ್ಬಿಹೋದೆ.

ವಾರದಲ್ಲಿ ದೊಡ್ಡಮ್ಮನ ಫೋನು ಬಂತು. ಕೋಸಗಿಯ ಅಜ್ಜಿಗೆ ಹುಡುಗಿ ಬಹಳ ಹಿಡಿಸಿದ್ದಾಳೆ, ಎಡಗೆನ್ನೆಯಲ್ಲಿ ಮಚ್ಚೆ ಇದೆ, ಲಕ್ಷ್ಮಿಯೇ ಬರುತ್ತಾಳೆ ಎಂದು ಊರೆಲ್ಲ ಹೇಳುತ್ತಿದ್ದಾರಂತೆ. ಅತ್ತಿಗೆ ಫೋನ್ ಇಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ನನ್ನ ಕೆನ್ನೆ ಮುಟ್ಟಿಕೊಂಡೆ, ಆಮೇಲೆ ಇನ್ನೊಂದು ಕೆನ್ನೆ. ಕನ್ನಡಿ ಅದಲು ಬದಲು ಮಾಡುತ್ತದೆ ಎಂದು ಮೂರನೆಯ ಇಯತ್ತೆಯ ಮಕ್ಕಳಿಗೂ ಗೊತ್ತು, ನನಗೆ ಮಾತ್ರ ಆ ಗಳಿಗೆಯಲ್ಲಿ ಹೊಳೆಯಿತು. ಅಥವಾ ಮೊದಲೇ ಹೊಳೆದಿತ್ತೋ? ತಲೆ ಮೊಸರು ಗಡಿಗೆಯಾಯಿತು. ಅವರಿಗೆ ಹೇಳಿಬಿಡೋಣ ಅಂದೆ. ಅತ್ತಿಗೆ ಅಕ್ಕಿ ಆರಿಸುತ್ತಾ, "ಬಂದು ನೋಡಲಿ ಮೊದ್ಲ. ಹುಡುಗೀನ ನೋಡಿದ ಮ್ಯಾಲ ಮಚ್ಚಿ ಯಾರ ನೋಡ್ತಾರ" ಅಂದರು. ನಾನು ಸುಮ್ಮನಾದೆ. ಸುಮ್ಮನಾಗುವುದು ಬಹಳ ಸುಲಭವಾಗಿತ್ತು.

ಅಷ್ಟರಲ್ಲಿ ಹುಡುಗ ಹುಡುಗಿ ಫೋನಿನಲ್ಲಿ ಮಾತು ಶುರುಮಾಡಿದ್ದರು. ಈಗಿನ ಕಾಲದಲ್ಲಿ ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಭಾನುವಾರ ಮಧ್ಯಾಹ್ನ ಹುಡುಗಿ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಮಾತಾಡುತ್ತಿದ್ದಳು. ಏನು ಮಾತು ಎಂದು ಕೇಳಿದರೆ ರೈಲು ಯಾಕೆ ತಡವಾಗುತ್ತವೆ ಎಂದು ಹೇಳುತ್ತಾನೆ ಅಂತ ನಗುತ್ತಿದ್ದಳು. ಒಂದು ದಿನ ನನ್ನ ಪಕ್ಕ ಮಲಗಿಕೊಂಡು, ಇದು ಆಗಲಿ ಅಂತ ಅನ್ನಿಸುತ್ತದೆ ಅತ್ತೆ, ಇದಾದರೂ ಆಗಲಿ ಅಂದಳು. ಆ 'ಆದರೂ' ಎದೆಗೆ ಚುಚ್ಚಿತು. ಆಗಲೂ ನಾನು ಮಚ್ಚೆಯ ಮಾತು ಎತ್ತಲಿಲ್ಲ.

ಕೋಸಗಿಯವರು ಬಂದ ದಿನ ಅತ್ತಿಗೆ ಒಗ್ಗಾಣಿ, ಮಿರ್ಚಿ ಬಜ್ಜಿ ಮಾಡಿದ್ದರು. ಅಜ್ಜಿ, ಹುಡುಗ, ಹುಡುಗನ ಸೋದರಮಾವ, ದೊಡ್ಡಮ್ಮ, ಇಷ್ಟೇ ಮಂದಿ. ಅಜ್ಜಿ ಸಣ್ಣ ಜೀವ, ಹಣೆಯ ತುಂಬ ವಿಭೂತಿ, ಕಣ್ಣು ಮಾತ್ರ ಚುರುಕು. ಹುಡುಗಿ ನೀರು ತಂದು ಕೊಟ್ಟು ನಮಸ್ಕಾರ ಮಾಡಿ ಕೂತಳು. ಅಜ್ಜಿ ಲೋಟ ಕೆಳಗಿಟ್ಟರು. ಹುಡುಗಿಯನ್ನು ನೋಡಿದರು, ಸೋದರಮಾವನ ಫೋನು ಇಸಿದುಕೊಂಡು ಫೋಟೋ ನೋಡಿದರು, ಮತ್ತೆ ಹುಡುಗಿಯನ್ನು ನೋಡಿದರು.

"ಈ ಫೋಟೋದಾಗಿನ ಹುಡುಗಿ ಎಲ್ಲದಾಳ?" ಅಂದರು.

ಈಕೆಯೇ ಎಂದು ಅಣ್ಣ ಹೇಳಿದ. ಅಲ್ಲ, ಆ ಹುಡುಗಿಗೆ ಮಚ್ಚೆ ಎಡಕ್ಕಿದೆ, ಈ ಹುಡುಗಿಗೆ ಬಲಕ್ಕಿದೆ ಎಂದರು ಅಜ್ಜಿ. ಅಕ್ಕನನ್ನು ತೋರಿಸಿ ತಂಗಿಯನ್ನು ಕಟ್ಟಿದ ಮದುವೆ ಅವರ ಕಾಲದಲ್ಲಿ ನೋಡಿದವರು, ಅವರ ಅನುಮಾನ ಅದು. ಅಣ್ಣ, ನಮಗೆ ಇರುವುದೇ ಒಬ್ಬಳು ಮಗಳು ಅಂದ. ಸೋದರಮಾವ ಹುಡುಗಿಯ ಎದುರು ಕೂತು ತನ್ನ ಕೆನ್ನೆ ಮುಟ್ಟಿ, ನನ್ನ ಈ ಕಡೆಗೆ ಅಂದರೆ ಎಡಕ್ಕೇ ಆಯಿತಲ್ಲ ಎಂದು ಶುರುಮಾಡಿದ. ದೊಡ್ಡಮ್ಮ ಎದ್ದು ಹುಡುಗಿಯ ಪಕ್ಕ ನಿಂತು, ಅಲ್ಲ ಈಗ ನೋಡು ಬಲಕ್ಕಾಯಿತು ಅಂದರು. ಹಾಗಾದರೆ ಫೋಟೋದಲ್ಲಿ ನಮ್ಮ ಬಲವೋ ಆಕೆಯ ಬಲವೋ? ಅತ್ತಿಗೆ ಬಜ್ಜಿಯ ತಟ್ಟೆ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದರು. ಅಣ್ಣನಿಗೆ ರೇಗಿತು. "ಎಡ ಅಂದ್ರ ಯಾರ ಎಡ? ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕ್ರೀ, ಹುಡುಗಿ ನಿಮ್ಮ ಕಣ್ಣ ಮುಂದ ಕುಂತಾಳ" ಅಂದ.

ಕನ್ನಡಿ ಎಂಬ ಮಾತು ಬಿದ್ದದ್ದೇ ತಡ, ನಾನು ಎದ್ದು ನಿಂತು ಅದು ಕನ್ನಡಿಯ ಫೋಟೋ ಎಂದು ಹೇಳಿದೆ. ಒಳಕೋಣೆಗೆ ಕರೆದುಕೊಂಡು ಹೋಗಿ ಬೀರು ತೋರಿಸಿದೆ. ಸೆರಗು ಎಡಹೆಗಲಿಗಷ್ಟೇ ಇದ್ದಿದ್ದರೆ ಫೋಟೋದಲ್ಲಿ ಬಲಕ್ಕೆ ಕಾಣುತ್ತಿತ್ತು, ಎರಡೂ ಹೆಗಲಿಗೆ ಇದ್ದದ್ದಕ್ಕೆ ಯಾರಿಗೂ ಗೊತ್ತಾಗಲಿಲ್ಲ ಎಂದೆ. ಹುಡುಗ ಅಲ್ಲಿಯತನಕ ನೆಲ ನೋಡುತ್ತಾ ಕೂತಿದ್ದವನು, ತಾನು ವಿಡಿಯೋದಲ್ಲಿ ನೋಡಿದ್ದೇನೆ, ಮಚ್ಚೆ ಬಲಕ್ಕೇ ಇರುವುದು, ತನಗೇನೂ ಇಲ್ಲ ಎಂದು ಮೆಲ್ಲಗೆ ಹೇಳಿದ. ಮತ್ತೆ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಸೋದರಮಾವ ಕೇಳಿದರೆ ಅಜ್ಜಿಯ ಕಡೆ ನೋಡಿದ. ಎಲ್ಲರೂ ಮುಚ್ಚಿಟ್ಟವರೇ ಎಂದು ಆಗ ಗೊತ್ತಾಯಿತು. ಹುಡುಗಿ ಒಬ್ಬಳು ಮಾತ್ರ ಏನು ನಡೆಯುತ್ತಿದೆ ಎಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಮಾತು ಹೋಗುತ್ತಾ ಹೋಗುತ್ತಾ ಆಕೆಯ ಕೈ ತಾನಾಗಿ ಬಲಗೆನ್ನೆಗೆ ಹೋಯಿತು. ಮುಂಚಿನ ಎರಡು ಸಂಬಂಧ ಯಾಕೆ ತಪ್ಪಿದವು ಎಂದು ಆಕೆಗೆ ಆಗ ಅರ್ಥವಾಗಿರಬೇಕು. ಲೆಕ್ಕದ ಟೀಚರಿಗೆ ಬಿಡಿಸಿ ಹೇಳಬೇಕೇ.

ಅಜ್ಜಿ ಅಣ್ಣನನ್ನು ಕೇಳಲಿಲ್ಲ, ಅತ್ತಿಗೆಯನ್ನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ಮಚ್ಚಿ ಸಲುವಾಗಿ ಹಿಂಗ ತೆಗದ್ರೇನು ಟೀಚರಮ್ಮಾ?"

ನಾನು ಹೊಸ್ತಿಲಿನಿಂದ ಶುರುಮಾಡಿದೆ. ಬಾಗಿಲಲ್ಲಿ ನಿಲ್ಲಲಾಗಲಿಲ್ಲ, ಕಿಟಕಿಗೆ ಕಂಬಿ ಇತ್ತು, ಫ್ರೇಮು ಇದ್ದರೆ ಕಣ್ಣು ಸೀದಾ ಮುಖಕ್ಕೆ ಹೋಗುತ್ತದೆ, ಅದಕ್ಕೆ ಕನ್ನಡಿ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಬರಿಯ ಗೋಡೆಗೆ ನಿಲ್ಲಿಸಿ ತೆಗೆಯಬಹುದಿತ್ತಲ್ಲ. ಆ ಫೋಟೋ ತೆಗೆಯುವಾಗ ನನ್ನ ಮನಸ್ಸಿನಲ್ಲಿ ಮಚ್ಚೆ ಇತ್ತೇ? ಇರಲಿಲ್ಲ ಎಂದು ಆಣೆ ಮಾಡಲು ಬಾಯಿ ಬರಲಿಲ್ಲ. ಇತ್ತು ಎನ್ನಲು ನೆನಪಿಲ್ಲ.

"ಗೊತ್ತಿಲ್ರೀ ಅಮ್ಮಾ" ಅಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅಜ್ಜಿ ಒಗ್ಗಾಣಿ ತಿಂದರು, ಕೈ ತೊಳೆದರು, ಫೋನ್ ಮಾಡುತ್ತೇವೆ ಎಂದು ಎದ್ದರು. ಫೋನ್ ಮಾಡುತ್ತೇವೆ ಎಂದರೆ ಏನೆಂದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹೋದ ಮೇಲೆ ಅಣ್ಣ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಹುಡುಗಿ ತಟ್ಟೆ ತೆಗೆದಳು, ನೆಲ ಒರೆಸಿದಳು, ಮರುದಿನ ಬೆಳಿಗ್ಗೆ ಆಸ್ಪರಿ ಬಸ್ಸಿಗೆ ಹೋದಳು. ನನ್ನ ಕೋಣೆಗೆ ಹತ್ತಿ ಬರಲಿಲ್ಲ. ಹತ್ತು ದಿನ ನಾನು ಫೋನಿನ ಕ್ಯಾಮೆರಾ ತೆರೆಯಲಿಲ್ಲ. ಇದ್ದಿತು, ಇರಲಿಲ್ಲ, ಇದ್ದಿತು, ಇರಲಿಲ್ಲ ಎಂದು ಅಡುಗೆ ಮಾಡುವಾಗಲೂ ಅದೇ ತಿರುಗಣಿ. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಯಾರನ್ನು ಹೋಗಿ ಕೇಳಲಿ?

ಹನ್ನೊಂದನೆಯ ದಿನ ಕೋಸಗಿಯ ಅಜ್ಜಿಯೇ ಅತ್ತಿಗೆಗೆ ಫೋನ್ ಮಾಡಿದರು. ಅತ್ತಿಗೆ ಸ್ಪೀಕರಿಗೆ ಹಾಕಿದ್ದರು, ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

"ಆಕಿಗೆ ಸುಳ್ಳು ಹೇಳಾಕ ಬರಂಗಿದ್ರ ಅವತ್ತೇ ಒಂದು ಹೇಳಿಬಿಡ್ತಿದ್ಲು. ಗೊತ್ತಿಲ್ಲ ಅಂದ್ಲು. ಮಚ್ಚಿ ಎಲ್ಲಿದ್ರೇನವ್ವ, ಅಂಥಾ ಮಂದಿ ಕೈಯಾಗ ಬೆಳದ ಹುಡುಗಿ ನಮಗ ಬೇಕು."

ಒಂದು ಮಾತು ಮಾತ್ರ ಕೇಳಿಕೊಂಡರು. ತಮ್ಮ ಬಳಗದವರಿಗೆ ಮೊದಲಿನ ಫೋಟೋ ತೋರಿಸಿಯಾಗಿದೆ, ನಾಳೆ ಯಾರೂ ಮೋಸ ಅನ್ನಬಾರದು, ಅದಕ್ಕೆ ಕನ್ನಡಿ ಇಲ್ಲದೆ, ಬಾಗಿಲು ಗೀಗಿಲು ಇಲ್ಲದೆ ನೇರ ಮುಖದ ಫೋಟೋ ಒಂದು ಬೇಕು, ಅದನ್ನು ಆ ಟೀಚರಮ್ಮನೇ ತೆಗೆಯಲಿ ಎಂದರು. ಅತ್ತಿಗೆ ಅಲ್ಲೇ ಕೂತು ಅತ್ತರು. ನಾನೂ ಮೆಟ್ಟಿಲ ಮೇಲೆ ಅತ್ತೆ. ನನ್ನ ಗೊಂದಲವೇ ಹುಡುಗಿಯನ್ನು ಗೆಲ್ಲಿಸಿತಲ್ಲ ಎಂದು ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಹುಡುಗಿ ಬಸ್ಸಿಳಿದು ಬಂದು ಸುದ್ದಿ ಕೇಳಿ ನಕ್ಕಳು, ಸೀದಾ ಮಾಳಿಗೆಗೆ ಬಂದಳು. ಇಷ್ಟು ದಿನದ ಮೇಲೆ ಬಂದಳಲ್ಲ ಎಂದು ನನಗೆ ಕೈಕಾಲು ಆಡಲಿಲ್ಲ. ಬಿಸಿಲು ಇಳಿದಿತ್ತು, ಬೆಳಕು ಮೆತ್ತಗಿತ್ತು. ಸುಣ್ಣದ ಗೋಡೆಗೆ ಆಕೆಯನ್ನು ನಿಲ್ಲಿಸಿದೆ. ಸುತ್ತ ಏನೂ ಇಲ್ಲ, ಗೋಡೆ ಮತ್ತು ಆಕೆ. ನಾನು ಫೋನ್ ಎತ್ತಿದೆ, ಮುಖದ ಮೇಲೆ ಬೆರಳಿಟ್ಟೆ, ಬಾಯಿ ತಾನಾಗಿ ಆಡಿತು:

"ಒಂಚೂರು ಬಲಕ್ಕ ತಿರುಗವ್ವ."

ನಾನು 'ಬಲ' ಅನ್ನುವಷ್ಟರಲ್ಲಿ ಆಕೆ ತಿರುಗಿಬಿಟ್ಟಿದ್ದಳು. ಎಷ್ಟು ತಿರುಗಬೇಕೋ ಅಷ್ಟೇ. ಗದ್ದ ಹೆಗಲ ಕಡೆ, ಎಡಗೆನ್ನೆ ಬೆಳಕಿಗೆ, ಬಲಗೆನ್ನೆ ಪೂರ್ತಿ ಆಚೆಗೆ. ಸ್ಕ್ರೀನಿನಲ್ಲಿ ಮಚ್ಚೆ ಇರಲಿಲ್ಲ. ಎಂಟು ವರ್ಷ ನಾನು ಹೇಳಿ ಹೇಳಿ ಕತ್ತಿಗೆ ಕೂತುಹೋದ ತಿರುವು ಅದು. ಬೆಳಕಿಗಾಗಿ ಹೇಳುತ್ತೇನೆ ಎಂದುಕೊಂಡಿದ್ದೆ. ಬೆಳಕು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಇರುತ್ತಿತ್ತು, ನಾನು ಹೇಳಿದ್ದು ಮಾತ್ರ ಯಾವಾಗಲೂ ಬಲಕ್ಕೇ.

ಫೋನ್ ಕೆಳಗಿಳಿಸಿ ಹಳೆಯ ಫೋಟೋಗಳನ್ನು ತೆರೆದೆ. ಆಕೆ ಪಕ್ಕಕ್ಕೆ ಬಂದು ನಿಂತು ನೋಡಿದಳು. ದೇವರ ಕೋಣೆಯ ಬಾಗಿಲಲ್ಲಿ, ಬಸ್ಸಿನ ಕಿಟಕಿಯಲ್ಲಿ, ಅಡುಗೆಮನೆಯ ಹೊಗೆಗಿಂಡಿಯ ಬೆಳಕಿನಲ್ಲಿ, ಕಾಲೇಜಿಗೆ ಹೊರಟ ದಿನ, ನೌಕರಿ ಸಿಕ್ಕ ದಿನ. ಆ ಕನ್ನಡಿಯ ಫೋಟೋ ಬಿಟ್ಟರೆ ಒಂದರಲ್ಲೂ ಬಲಗೆನ್ನೆ ಇಲ್ಲ. ಇಬ್ಬರೂ ಒಂದೊಂದಾಗಿ ಎಲ್ಲವನ್ನೂ ನೋಡಿದೆವು. ಅತ್ತಿಗೆ ಕೆಳಗಿನಿಂದ ಫೋಟೋ ಆಯಿತಾ ಎಂದು ಕೂಗಿದರು.

ಕೋಸಗಿಯ ಅಜ್ಜಿಗೆ ನಾನು 'ಗೊತ್ತಿಲ್ಲ' ಎಂದಿದ್ದೆ. ಅವರು ಅದನ್ನು ನಂಬಿ ಹೂಂ ಅಂದಿದ್ದರು.

ಹುಡುಗಿ ಮತ್ತೆ ಗೋಡೆಗೆ ಹೋಗಿ ನಿಂತಳು. ಮುಖ ಈ ಕಡೆ ತಂದಳು, ಆ ಕಡೆ ಹೋಯಿತು, ಮತ್ತೆ ತಂದಳು. ಸಿಟ್ಟಿರಲಿಲ್ಲ ಆಕೆಯ ದನಿಯಲ್ಲಿ, ಇದ್ದಿದ್ದರೆ ಒಳ್ಳೆಯದಿತ್ತು.

"ನೆಟ್ಟಗ ಹ್ಯಾಂಗ ನೋಡ್ಬೇಕು ಅತ್ತಿ? ನೀ ಅದನ್ನ ಕಲಿಸೇ ಇಲ್ಲಲ್ಲ."